ಕೈಯಲ್ಲಿರುವ ಬಣ್ಣ ಫೋಟೋದಲ್ಲಿ ಏಕಿಲ್ಲ?

ಪ್ರಶ್ನೆ: ಮನೆಯಲ್ಲೇ ಸೆರಾಮಿಕ್ ಕಪ್, ಬಟ್ಟಲು, ಪುಟ್ಟ ಹೂದಾನಿಗಳನ್ನು ಕೈಯಿಂದ ಮಾಡಿ ಇನ್‌ಸ್ಟಾಗ್ರಾಮ್ ಮತ್ತು ವಾಟ್ಸ್‌ಆ್ಯಪ್‌ನಲ್ಲಿ ಮಾರುತ್ತೇನೆ. ಫೋಟೋ ತೆಗೆಯುವುದು ರಾತ್ರಿ, ಎಲ್ಲ ಕೆಲಸ ಮುಗಿದ ಮೇಲೆ. ಮೇಲೆ ಟ್ಯೂಬ್‌ಲೈಟ್, ಪಕ್ಕದಲ್ಲಿ ಟೇಬಲ್ ಲ್ಯಾಂಪ್. ಹಸಿರು ಬೆರೆತ ನನ್ನ ನೀಲಿ ಗ್ಲೇಜ್ (ಪಾತ್ರೆಯ ಮೇಲಿನ ಗಾಜಿನಂಥ ಲೇಪ) ಫೋಟೋದಲ್ಲಿ ಬರೀ ನೀಲಿಯಾಗಿ ಬರುತ್ತದೆ. 'ಫೋಟೋದಲ್ಲಿದ್ದ ಬಣ್ಣ ಇದಲ್ಲ' ಎಂದು ಒಬ್ಬ ಗ್ರಾಹಕರು ಕಪ್ ವಾಪಸ್ ಕಳಿಸಿದರು. ಬಿಳಿ ಕಪ್‌ಗಳು ಒಂದು ಕಡೆ ಬೂದು, ಇನ್ನೊಂದು ಕಡೆ ಹಳದಿ. ಹತ್ತಿರದಿಂದ ತೆಗೆದರೆ ಬಾಯಿ ಉಬ್ಬಿ, ತಳ ಚಿಕ್ಕದಾಗಿ ಆಕಾರವೇ ಕೆಡುತ್ತದೆ. ಫೋನಿನಲ್ಲಿ ಚೆನ್ನಾಗಿ ಕಂಡ ಫೋಟೋ ಕೂಡ ಅಪ್‌ಲೋಡ್ ಆದ ಮೇಲೆ ಮಸುಕು. ಫೋನಿಗೆ ನಾಲ್ಕು ವರ್ಷ, 12 ಮೆಗಾಪಿಕ್ಸೆಲ್ ಕ್ಯಾಮೆರಾ. 200 ಮೆಗಾಪಿಕ್ಸೆಲ್‌ನ ಹೊಸ ಫೋನ್ ತೆಗೆದುಕೋ ಎನ್ನುತ್ತಾರೆ ಒಬ್ಬರು. ರಿಂಗ್ ಲೈಟ್ ಸಾಕು ಎನ್ನುತ್ತಾರೆ ಇನ್ನೊಬ್ಬರು. ಏನೂ ಬೇಡ, ಎಐ ಹಿನ್ನೆಲೆ ಹಾಕಿಬಿಡು ಎನ್ನುತ್ತಾರೆ ಮತ್ತೊಬ್ಬರು. ವಾರಕ್ಕೆ ಒಂದೆರಡು ಗಂಟೆಗಿಂತ ಹೆಚ್ಚು ಇದಕ್ಕೆ ಕೊಡಲಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಫೋನಿನ ವಯಸ್ಸಿನ ಮೇಲಲ್ಲ. 'ರಾತ್ರಿ, ಎಲ್ಲ ಕೆಲಸ ಮುಗಿದ ಮೇಲೆ' ಎಂಬ ಮಾತಿನ ಮೇಲೆ. ನಿಮ್ಮ ಅರ್ಧ ತೊಂದರೆ ಅಲ್ಲೇ ಇದೆ.

ನೀವು ನಾಲ್ಕು ದೂರು ಹೇಳಿದ್ದೀರಿ: ಬಣ್ಣ ತಪ್ಪುತ್ತದೆ, ಬಿಳಿ ಬಿಳಿಯಾಗಿ ಉಳಿಯುವುದಿಲ್ಲ, ಆಕಾರ ಕೆಡುತ್ತದೆ, ಅಪ್‌ಲೋಡ್ ಆದದ್ದು ಮಸುಕಾಗುತ್ತದೆ. ಇವುಗಳ ಹಿಂದೆ ಹೇಳದೆ ಬಿಟ್ಟ ಐದನೆಯದೂ ಒಂದಿರಬೇಕು. ಗ್ರಾಹಕರು ತಮಗೆ ಮೋಸವಾಯಿತು ಎಂದುಕೊಂಡರೇನೋ ಎಂಬ ಅಳುಕು. ನೀವು ಮೋಸ ಮಾಡಿಲ್ಲ. ನಿಮ್ಮ ಫೋನ್ ಊಹೆ ಮಾಡಿದೆ, ಆ ಊಹೆ ತಪ್ಪಿದೆ, ಅಷ್ಟೇ. ಫೋನಿನ ಕ್ಯಾಮೆರಾ ಪ್ರತಿ ಸಲವೂ ಕೆಲವು ಪ್ರಶ್ನೆಗಳನ್ನು ತಾನೇ ಕೇಳಿಕೊಂಡು ತಾನೇ ಉತ್ತರಿಸಿಕೊಳ್ಳುತ್ತದೆ. ಇಲ್ಲಿಯ ಬೆಳಕಿನ ಬಣ್ಣ ಯಾವುದು? ಎಷ್ಟು ಬೆಳಕು ಬೇಕು? ಇದರಲ್ಲಿ ಮುಖ್ಯ ವಸ್ತು ಯಾವುದು, ಹಿನ್ನೆಲೆ ಯಾವುದು? ಮನುಷ್ಯರ ಮುಖ, ಮರಗಿಡ, ಆಕಾಶದ ವಿಷಯದಲ್ಲಿ ಈ ಊಹೆಗಳು ಬಹಳ ಚೆನ್ನಾಗಿ ಕೂಡಿಬರುತ್ತವೆ. ಮಿರುಗುವ ಗ್ಲೇಜ್ ಹಚ್ಚಿದ ಒಂದೇ ಒಂದು ಕಪ್ ಎದುರಿಗಿಟ್ಟರೆ ತಡವರಿಸುತ್ತವೆ. ವಸ್ತುಗಳ ಫೋಟೋ ತೆಗೆಯುವವರು ಮಾಡಬೇಕಾದದ್ದು ಇಷ್ಟೇ: ಫೋನಿಗೆ ಊಹಿಸಲು ಆದಷ್ಟು ಕಡಿಮೆ ಅವಕಾಶ ಬಿಡುವುದು.

ಮೊದಲು ಹೊಸ ಫೋನಿನ ಮಾತು ಮುಗಿಸೋಣ, ಏಕೆಂದರೆ ಹಣ ಹೆಚ್ಚು ಹೋಗುವುದು ಅಲ್ಲೇ. 200 ಮೆಗಾಪಿಕ್ಸೆಲ್ ಕ್ಯಾಮೆರಾ ಮಾಮೂಲಿಯಾಗಿ ಕೊಡುವುದು 200 ಮೆಗಾಪಿಕ್ಸೆಲ್ ಫೋಟೋ ಅಲ್ಲ. 16 ಪಿಕ್ಸೆಲ್‌ಗಳನ್ನು ಕೂಡಿಸಿ ಒಂದು ಮಾಡಿ, ಸುಮಾರು 12.5 ಮೆಗಾಪಿಕ್ಸೆಲ್ ಫೋಟೋ ಕೈಗಿಡುತ್ತದೆ. 48 ಮೆಗಾಪಿಕ್ಸೆಲ್‌ನದು ನಾಲ್ಕನ್ನು ಕೂಡಿಸಿ 12 ಮಾಡುತ್ತದೆ. ಅತ್ತ ಇನ್‌ಸ್ಟಾಗ್ರಾಮ್ ನಿಮ್ಮ ಪೋಸ್ಟಿನ ಅಗಲವನ್ನು 1080 ಪಿಕ್ಸೆಲ್‌ಗೆ ಇಳಿಸಿಕೊಳ್ಳುತ್ತದೆ. 1080ಕ್ಕೆ 1350ರ ಒಂದು ನಿಲುವು ಫೋಟೋ ಎಂದರೆ ಒಟ್ಟು ಒಂದೂವರೆ ಮೆಗಾಪಿಕ್ಸೆಲ್ ಕೂಡ ಆಗುವುದಿಲ್ಲ. ನಿಮ್ಮ ಈಗಿನ ಫೋನ್ ಬೇಕಾದದ್ದಕ್ಕಿಂತ ಎಂಟು ಪಟ್ಟು ಕೊಡುತ್ತಿದೆ.

ಹಾಗೆಂದು ಹೊಸ ಫೋನ್‌ಗಳಲ್ಲಿ ಹುರುಳೇ ಇಲ್ಲ ಎನ್ನುತ್ತಿಲ್ಲ. ದೊಡ್ಡ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಮಂದ ಬೆಳಕಿನಲ್ಲಿ ಕಡಿಮೆ ಕಾಳು ಕಾಳಾದ ಫೋಟೋ ಕೊಡುತ್ತದೆ. ದೂರದಿಂದಲೇ ವಸ್ತುವನ್ನು ದೊಡ್ಡದಾಗಿ ಹಿಡಿಯುವ ಟೆಲಿಫೋಟೋ ಲೆನ್ಸ್ ಇದ್ದರೆ ನಿಮ್ಮಂಥವರಿಗೆ ನಿಜಕ್ಕೂ ಉಪಯೋಗ. ಆದರೆ ಮಂದ ಬೆಳಕಿನಲ್ಲಿ ತೆಗೆಯುವುದನ್ನೇ ಬಿಟ್ಟರೆ ಮೊದಲನೆಯ ಲಾಭ ನಿಮಗೆ ಬೇಕಾಗುವುದೇ ಇಲ್ಲ. ಇನ್ನೊಂದು ವಿಚಿತ್ರವೂ ಇದೆ. ದೊಡ್ಡ ಸೆನ್ಸರಿನ ಫೋನ್‌ಗಳ ಮುಖ್ಯ ಕ್ಯಾಮೆರಾ ಹಳೆಯ ಫೋನ್‌ಗಳಷ್ಟು ಹತ್ತಿರಕ್ಕೆ ಫೋಕಸ್ ಆಗದಿರಬಹುದು. ಆಗ ಕೆಲವು ಫೋನ್‌ಗಳು ನಿಮಗೆ ಹೇಳದೆ ಕೇಳದೆ ಬಹಳ ಅಗಲದ ನೋಟ ಹಿಡಿಯುವ ಅಲ್ಟ್ರಾವೈಡ್ ಲೆನ್ಸಿಗೆ ಜಿಗಿದುಬಿಡುತ್ತವೆ, ಆಕಾರ ಈಗಿರುವುದಕ್ಕಿಂತ ಕೆಡುತ್ತದೆ. ಆದ್ದರಿಂದ ಸದ್ಯಕ್ಕೆ ಫೋನ್ ಬೇಡ. ಲೆನ್ಸಿನ ಗಾಜು ಗೀರಿದ್ದರೆ, ಒಡೆದಿದ್ದರೆ ಮಾತ್ರ ಬೇರೆ ಮಾತು. ಅಂದಹಾಗೆ, ಲೆನ್ಸ್ ಒರೆಸಿದ್ದು ಯಾವಾಗ? ಮಣ್ಣು, ಗ್ಲೇಜ್ ಪುಡಿಯ ನಡುವೆ ಕೆಲಸ ಮಾಡುವವರು ನೀವು. ಬೆರಳಿನ ಜಿಡ್ಡು ಒಂದಿಷ್ಟು ಹತ್ತಿದ್ದರೆ ಸಾಕು, ಇಡೀ ಫೋಟೋದ ಮೇಲೆ ಹಾಲು ಚೆಲ್ಲಿದಂತೆ ಮಂಜು ಕವಿಯುತ್ತದೆ. ಕನ್ನಡಕ ಒರೆಸುವ ಬಟ್ಟೆಯಿಂದ ಒಮ್ಮೆ ಒರೆಸಿ. 'ಕ್ಯಾಮೆರಾ ಹಾಳಾಗಿದೆ' ಎಂದು ನನ್ನ ಬಳಿ ತಂದ ಫೋನ್‌ಗಳಲ್ಲಿ ಎಷ್ಟೋ ಹೀಗೇ ರಿಪೇರಿಯಾಗಿವೆ.

ಈಗ ಬಣ್ಣ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ, ಗ್ರಾಹಕರು ಕಪ್ ವಾಪಸ್ ಕಳಿಸಿದ್ದು ಇದಕ್ಕಾಗಿಯೇ.

ಬೆಳಕಿಗೆ ತನ್ನದೇ ಬಣ್ಣ ಇರುತ್ತದೆ. ಅದನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಹಳದಿ ಬಲ್ಬು ಸುಮಾರು 2700 ಕೆಲ್ವಿನ್, ನಡುಹಗಲಿನ ಬೆಳಕು ಸುಮಾರು 5500, ಬಿಸಿಲು ತಾಗದ ನೆರಳಿನ ಬೆಳಕು 7000 ದಾಟುತ್ತದೆ, ಅಂದರೆ ಇನ್ನಷ್ಟು ನೀಲಿ. ನಮ್ಮ ಕಣ್ಣು ಮತ್ತು ಮೆದುಳು ಇದನ್ನು ತಕ್ಷಣ ಸರಿತೂಗಿಸಿಕೊಂಡುಬಿಡುತ್ತವೆ. ಬಿಳಿ ಕಾಗದ ದೀಪದ ಕೆಳಗೂ ಬಿಳಿಯೇ, ಅಂಗಳದಲ್ಲೂ ಬಿಳಿಯೇ. ಫೋನಿಗೆ ಆ ಅನುಭವ ಇಲ್ಲ. ಅದು ಚೌಕಟ್ಟಿನಲ್ಲಿರುವ ಬಣ್ಣಗಳನ್ನೆಲ್ಲ ನೋಡಿ 'ಇಲ್ಲಿ ಬೆಳಕು ಹಳದಿ ಇರಬೇಕು, ಸ್ವಲ್ಪ ನೀಲಿ ಸೇರಿಸೋಣ' ಎಂದು ಲೆಕ್ಕ ಹಾಕುತ್ತದೆ. ಇದನ್ನೇ ವೈಟ್ ಬ್ಯಾಲೆನ್ಸ್ ಎನ್ನುವುದು. ಒಂದೇ ಬಗೆಯ ಬೆಳಕಿದ್ದರೆ ಈ ಲೆಕ್ಕ ಬಹುಪಾಲು ಸರಿಹೋಗುತ್ತದೆ. ನಿಮ್ಮ ಮೇಜಿನ ಮೇಲೆ ಎರಡು ಬೆಳಕು ಬೀಳುತ್ತಿವೆ. ಮೇಲಿನಿಂದ ಟ್ಯೂಬ್‌ಲೈಟಿನ ತಣ್ಣನೆಯ ಬಿಳಿ, ಪಕ್ಕದಿಂದ ಲ್ಯಾಂಪಿನ ಹಳದಿ. ಫೋನ್ ಒಂದನ್ನು ಸರಿಮಾಡಿದರೆ ಇನ್ನೊಂದು ಇನ್ನಷ್ಟು ಕೆಡುತ್ತದೆ. ನಿಮ್ಮ ಬಿಳಿ ಕಪ್ ಒಂದು ಮಗ್ಗುಲಲ್ಲಿ ಬೂದು, ಇನ್ನೊಂದರಲ್ಲಿ ಹಳದಿಯಾದದ್ದು ಇದರಿಂದಲೇ. ಇಂಥ ಫೋಟೋವನ್ನು ಯಾವ ಫಿಲ್ಟರಿನಿಂದಲೂ ನೇರ ಮಾಡಲಾಗದು. ತೆಗೆಯುವಾಗಲೇ ಒಂದು ದೀಪ ಆರಿಸಬೇಕಿತ್ತು.

ಎರಡನೆಯ ಮೋಸ ವಸ್ತುವಿನ ಕಡೆಯಿಂದಲೇ ಬರುತ್ತದೆ. ನೀಲಿ ಕಪ್ಪನ್ನು ನೀಲಿ ಬಟ್ಟೆಯ ಮೇಲಿಟ್ಟು ಚೌಕಟ್ಟು ತುಂಬ ತೆಗೆದರೆ, ಫೋನ್ ಆ ನೀಲಿಯನ್ನೆಲ್ಲ ಬೆಳಕಿನ ದೋಷವೆಂದು ತಿಳಿದು ಹಳದಿ ಬೆರೆಸುತ್ತದೆ. ಕಂದು ಮರದ ಹಲಗೆಯ ಮೇಲಿಟ್ಟರೆ ಉಲ್ಟಾ: ಮರದ ಬೆಚ್ಚನೆಯ ಬಣ್ಣವನ್ನು ಹಳದಿ ಬೆಳಕೆಂದುಕೊಂಡು ಎಲ್ಲವನ್ನೂ ನೀಲಿಯ ಕಡೆಗೆ ತಳ್ಳುತ್ತದೆ. ನಿಮ್ಮ ಹಸಿರು-ನೀಲಿಯಲ್ಲಿ ಹಸಿರು ಸತ್ತು ನೀಲಿ ಮಾತ್ರ ಉಳಿದದ್ದಕ್ಕೆ ಹಲಗೆಯೂ ಪಾಲುದಾರ ಇರಬಹುದು. ಬಣ್ಣ ಸರಿಯಾಗಿ ತೋರಿಸಬೇಕಾದ ಒಂದು ಫೋಟೋವನ್ನಾದರೂ ಬಿಳಿ ಅಥವಾ ತಿಳಿಬೂದು ಹಿನ್ನೆಲೆಯಲ್ಲಿ ತೆಗೆಯಿರಿ. ಮರ, ಲಿನನ್, ಎಲೆ, ಪುಸ್ತಕ ಎಲ್ಲ ಆಮೇಲಿನ ಫೋಟೋಗಳಿಗೆ.

ಮೂರನೆಯದು ದೀಪದ ಗುಣ. ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ಕಪ್ ಎಲ್ಲಿಂದ ಪ್ರತಿಫಲಿಸೀತು? ಕಳಪೆ ಎಲ್‌ಇಡಿಗಳ ಬೆಳಕಿನಲ್ಲಿ ಕೆಲವು ಬಣ್ಣಗಳ ಅಂಶ, ಮುಖ್ಯವಾಗಿ ಕೆಂಪು, ಬಹಳ ಕಡಿಮೆ ಇರುತ್ತದೆ. ಹಲವು ದೀಪಗಳ ಡಬ್ಬಿಯ ಮೇಲೆ ಸಿಆರ್‌ಐ ಎಂದು ಒಂದು ಅಂಕಿ ಇರುತ್ತದೆ. ಅದು ದೀಪ ಬಣ್ಣಗಳನ್ನು ಎಷ್ಟು ನಿಷ್ಠೆಯಿಂದ ತೋರಿಸುತ್ತದೆ ಎಂಬುದರ ಅಳತೆ, 100 ಗರಿಷ್ಠ. ಫೋಟೋಗೆ 90ಕ್ಕಿಂತ ಕೆಳಗಿನದು ಬೇಡ. ಎಷ್ಟು ವ್ಯಾಟ್ ಎಂದು ನೋಡುವ ಮೊದಲು ಇದನ್ನು ನೋಡಿ.

ಇನ್ನು ಗೋಡೆ, ಪರದೆ, ಬಟ್ಟೆ. ಒಮ್ಮೆ ನಾನು ಬಿಳಿ ಬಟ್ಟಲುಗಳ ಸಾಲೊಂದನ್ನು ತೆಗೆಯುತ್ತಾ ಇಡೀ ಮಧ್ಯಾಹ್ನ ಕಳೆದೆ. ಎಲ್ಲದರಲ್ಲೂ ಒಂದು ಮಾಸಲು ಗುಲಾಬಿ ಛಾಯೆ. ದೀಪ ಬದಲಿಸಿದೆ, ಹಿನ್ನೆಲೆ ಬದಲಿಸಿದೆ, ಸೆಟಿಂಗ್ ತಿರುಚಿದೆ. ಕೊನೆಗೆ ನೋಡಿದರೆ ಕಳ್ಳ ನನ್ನ ಕೆಂಪು ಅಂಗಿ! ಮಿರುಗುವ ಮೈಯ ಪಾತ್ರೆ ಎಂದರೆ ಬಾಗಿದ ಕನ್ನಡಿ. ಕೋಣೆಯಲ್ಲಿರುವುದನ್ನೆಲ್ಲ ತನ್ನ ಮೈಮೇಲೆ ಹೊದ್ದುಕೊಳ್ಳುತ್ತದೆ. ಅಂದಿನಿಂದ ಫೋಟೋ ಕೆಲಸಕ್ಕೆ ಬೂದು ಅಂಗಿಯೇ ಗತಿ.

ಹಾಗಾದರೆ ನಿಮಗೆ ನಾನು ಹೇಳುವುದು: ರಾತ್ರಿ ಬಿಡಿ, ಹಗಲಿಗೆ ಬನ್ನಿ. ನೇರ ಬಿಸಿಲು ಒಳಗೆ ಬೀಳದ ಒಂದು ಕಿಟಕಿ ಹುಡುಕಿ. ಬಿಸಿಲು ಬೀಳುವುದೇ ಆದರೆ ತೆಳು ಬಿಳಿ ಪರದೆ ಎಳೆಯಿರಿ. ಕೋಣೆಯ ಎಲ್ಲ ದೀಪ ಆರಿಸಿ, ಪಕ್ಕದ ಕೋಣೆಯಿಂದ ಬಾಗಿಲ ಮೂಲಕ ಬರುವ ಹಳದಿ ಬೆಳಕನ್ನೂ ತಡೆಯಿರಿ. ಕಿಟಕಿ ಕಪ್ಪಿನ ಪಕ್ಕಕ್ಕೆ ಬರುವಂತೆ ಮೇಜು ಹಾಕಿ. ಕಿಟಕಿ ನಿಮ್ಮ ಬೆನ್ನ ಹಿಂದಿದ್ದರೆ ನಿಮ್ಮದೇ ನೆರಳು ಕಪ್ಪಿನ ಮೇಲೆ ಬೀಳುತ್ತದೆ, ದುಂಡಗಿನ ಮೈ ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಿಂದ ಬಂದ ಬೆಳಕು ಮಾತ್ರ ಒಂದು ಮಗ್ಗುಲು ಬೆಳಗಿ ಇನ್ನೊಂದನ್ನು ನೆರಳಿಗೆ ಇಳಿಸಿ ದುಂಡನ್ನು ತೋರಿಸುತ್ತದೆ. ಚಕ್ರದ ಮೇಲೆ ನಿಮ್ಮ ಬೆರಳು ಬಿಟ್ಟ ಗೆರೆಗಳೂ ಆಗಲೇ ಎದ್ದು ಕಾಣುವುದು. ನೆರಳಿನ ಬದಿ ತೀರಾ ಕಪ್ಪಾದರೆ ಆ ಕಡೆ ಒಂದು ಬಿಳಿ ರಟ್ಟು ಅಥವಾ ಥರ್ಮಾಕೋಲ್ ಹಲಗೆ ನಿಲ್ಲಿಸಿ, ಬೆಳಕು ಅದಕ್ಕೆ ಬಡಿದು ಹಿಂದಿರುಗುತ್ತದೆ. ಬಿಳಿ ಕಪ್ ಬಿಳಿ ಹಿನ್ನೆಲೆಯಲ್ಲಿ ಕರಗಿಹೋಗುತ್ತಿದ್ದರೆ ತದ್ವಿರುದ್ಧ ಮಾಡಿ: ಕಪ್ಪು ರಟ್ಟನ್ನು ಚೌಕಟ್ಟಿಗೆ ಬೀಳದಷ್ಟು ದೂರದಲ್ಲಿ ಪಕ್ಕಕ್ಕಿಡಿ. ಅದರ ಪ್ರತಿಬಿಂಬ ಕಪ್ಪಿನ ಅಂಚಿಗೆ ಪೆನ್ಸಿಲಿನಿಂದ ಎಳೆದಂಥ ತೆಳು ಗೆರೆ ಕೊಡುತ್ತದೆ. ಹಿನ್ನೆಲೆಗೆ ದೊಡ್ಡ ಡ್ರಾಯಿಂಗ್ ಶೀಟೊಂದನ್ನು ಗೋಡೆಗೆ ಅಂಟಿಸಿ, ಮಡಚದೆ ಬಾಗಿಸಿ ಮೇಜಿನ ಮೇಲಕ್ಕೆ ಹರಿಯಬಿಟ್ಟರೆ ಗೋಡೆ-ಮೇಜಿನ ಗೆರೆ ಕಾಣುವುದಿಲ್ಲ.

ಬಣ್ಣ ಇನ್ನೂ ನಿಖರ ಬೇಕೆನಿಸಿದರೆ ಫೋಟೋ ಅಂಗಡಿಗಳಲ್ಲಿ ಸಿಗುವ ಬೂದು ಕಾರ್ಡ್ ಒಂದನ್ನು ಇಟ್ಟುಕೊಳ್ಳಿ. ಕಪ್ಪಿನ ಪಕ್ಕ ಅದನ್ನಿಟ್ಟು ಮೊದಲ ಫೋಟೋ, ತೆಗೆದು ಉಳಿದ ಫೋಟೋ. ಸ್ನ್ಯಾಪ್‌ಸೀಡ್, ಲೈಟ್‌ರೂಮ್‌ನಂಥ ಆ್ಯಪ್‌ಗಳ ವೈಟ್ ಬ್ಯಾಲೆನ್ಸ್ ವಿಭಾಗದಲ್ಲಿ ಬಣ್ಣ ಆರಿಸುವ ಪುಟ್ಟ ಪಿಪೆಟ್ ಗುರುತು ಇರುತ್ತದೆ. ಅದನ್ನು ಕಾರ್ಡಿನ ಮೇಲಿಟ್ಟರೆ 'ಇದು ಅಪ್ಪಟ ಬೂದು, ಉಳಿದದ್ದನ್ನು ಇದರಂತೆ ಸರಿಮಾಡು' ಎಂದು ಹೇಳಿದಂತೆ. ಕಾರ್ಡ್ ಬದಲು ಪ್ರಿಂಟರಿನ ಬಿಳಿ ಹಾಳೆ ಬಳಸುವವರಿದ್ದಾರೆ. ಅದರಲ್ಲಿ ಹಾಳೆ ಬೆಳ್ಳಗೆ ಕಾಣಲೆಂದು ನೀಲಿಯಾಗಿ ಹೊಳೆಯುವ ರಾಸಾಯನಿಕ ಬೆರೆಸಿರುತ್ತಾರೆ. ಹಗಲ ಬೆಳಕಿನಲ್ಲಿ ಅದು ಅಪ್ಪಟ ಬಿಳಿಯಲ್ಲ, ಫೋಟೋ ಸ್ವಲ್ಪ ಹಳದಿಗೆ ಜಾರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ನೂರಕ್ಕೆ ನೂರು ಬಣ್ಣ ಬರುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಕ್ಯಾಮೆರಾ ಬಣ್ಣವನ್ನು ಅಳೆಯುವ ಬಗೆಯೇ ನಮ್ಮ ಕಣ್ಣಿನದಕ್ಕಿಂತ ಬೇರೆ, ಕೆಲವು ಗ್ಲೇಜ್‌ಗಳು ಅದಕ್ಕೆ ಸಿಕ್ಕುವುದೇ ಇಲ್ಲ. ಗ್ರಾಹಕರ ಪರದೆ ಗಾಢ ಬಣ್ಣದ ಮೋಡ್‌ನಲ್ಲಿರಬಹುದು, ರಾತ್ರಿ ಕಣ್ಣಿಗೆ ಹಿತವಾಗಲೆಂದು ಹಳದಿ ಮಾಡಿಕೊಂಡಿರಬಹುದು. ಜೊತೆಗೆ ಕಪ್ ಕೂಡ ಹಗಲಲ್ಲಿ ಒಂದು, ದೀಪದಡಿ ಇನ್ನೊಂದು ಬಣ್ಣದಲ್ಲಿ ಕಾಣುವ ವಸ್ತು. ಇದನ್ನು ಮುಚ್ಚಿಡಬೇಡಿ. 'ಹಗಲ ಬೆಳಕಿನಲ್ಲಿ ತೆಗೆದ ಫೋಟೋ. ನೀಲಿ ಮತ್ತು ಹಸಿರಿನ ನಡುವಿನ ಬಣ್ಣ, ಹಳದಿ ದೀಪದಡಿ ಹಸಿರು ಹೆಚ್ಚು ಕಾಣುತ್ತದೆ' ಎಂದು ನೀವು ಕಂಡದ್ದನ್ನೇ ಎರಡು ಸಾಲು ಬರೆಯಿರಿ. ಜೊತೆಗೆ ಕಪ್ಪನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸುವ ಹತ್ತು ಸೆಕೆಂಡಿನ ವಿಡಿಯೋ. ಚರ್ಮದ ಬಣ್ಣ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಪಕ್ಕದಲ್ಲೇ ಕೈ ಇದ್ದರೆ ಗ್ಲೇಜಿನ ಬಣ್ಣವನ್ನು ಅವರ ಕಣ್ಣೇ ಸರಿತೂಗಿಸಿಕೊಳ್ಳುತ್ತದೆ.

ಬಿಳಿ ಬೂದಾಗುವುದಕ್ಕೆ ದೀಪಗಳ ಜಗಳದ ಜೊತೆ ಇನ್ನೊಂದು ಕಾರಣ ಇದೆ. ಫೋನಿನ ಬೆಳಕಿನ ಲೆಕ್ಕ ಚೌಕಟ್ಟನ್ನು ಒಟ್ಟಾರೆ ನಡುಬೂದಿನ ಹತ್ತಿರ ತರಲು ನೋಡುತ್ತದೆ. ಬಿಳಿ ಹಾಳೆಯ ಮೇಲೆ ಬಿಳಿ ಕಪ್ ಕಂಡರೆ 'ಅಬ್ಬಾ, ಎಷ್ಟು ಬೆಳಕು' ಎಂದು ಕತ್ತಲು ಮಾಡುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಕಪ್ಪು ಹೂದಾನಿಯಾದರೆ ಬೆಳಗಿಸಿ ಮಾಸಲು ಮಾಡುತ್ತದೆ. ಪರದೆಯ ಮೇಲೆ ಕಪ್ಪಿನ ಭಾಗವನ್ನು ಬೆರಳಿನಿಂದ ಒತ್ತಿ ಹಿಡಿದುಕೊಳ್ಳಿ. ಬಹುತೇಕ ಫೋನ್‌ಗಳಲ್ಲಿ ಫೋಕಸ್ ಮತ್ತು ಬೆಳಕು ಎರಡೂ ಲಾಕ್ ಆಗುತ್ತವೆ, ಪಕ್ಕದಲ್ಲಿ ಪುಟ್ಟ ಸೂರ್ಯನ ಗುರುತು ಬರುತ್ತದೆ. ಬೆರಳನ್ನು ಮೇಲೆ ಜಾರಿಸಿದರೆ ಫೋಟೋ ಬೆಳಗುತ್ತದೆ, ಕೆಳಗೆ ಜಾರಿಸಿದರೆ ಕತ್ತಲಾಗುತ್ತದೆ. ಬಿಳಿ ಬಿಳಿಯಾಗುವವರೆಗೆ ಜಾರಿಸಿ, ಆದರೆ ಕಪ್ಪಿನ ಅಂಚು ಹಿನ್ನೆಲೆಯಲ್ಲಿ ಮಾಯವಾಗುವ ಮುನ್ನ ನಿಲ್ಲಿಸಿ.

ಹೊಳಪಿನ ಕಲೆಗಳ ಬಗ್ಗೆ ನೀವು ಕೇಳಿಲ್ಲ, ಆದರೆ ರಿಂಗ್ ಲೈಟ್ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಗ್ಲೇಜಿನ ಮೇಲೆ ಹೊಳೆಯುವ ಬಿಳಿ ಚುಕ್ಕೆ ದೀಪದ ಪ್ರತಿಬಿಂಬ. ದೀಪ ಯಾವ ಆಕಾರವೋ ಚುಕ್ಕೆಯೂ ಅದೇ ಆಕಾರ. ಕಿಟಕಿಯಾದರೆ ಮೈಯುದ್ದಕ್ಕೂ ಇಳಿಯುವ ಒಂದು ನೀಳ ಬೆಳಕಿನ ಪಟ್ಟಿ, ನೋಡಲು ಚೆಂದ. ರಿಂಗ್ ಲೈಟ್ ಆದರೆ ಪ್ರತಿ ಕಪ್ಪಿನ ಹೊಟ್ಟೆಯ ಮೇಲೂ ಒಂದು ಬಳೆ. ಮುಖಕ್ಕೆಂದು ಬಂದ ದೀಪ ಅದು: ಎದುರಿನಿಂದಲೇ ಬೆಳಕು ಬಿದ್ದು ಸುಕ್ಕು, ನೆರಳು ಅಳಿಸುತ್ತದೆ. ನಿಮಗೆ ಅಳಿಸಬಾರದ್ದು ಅದೇ ನೆರಳು. ನೀವು ಮಾತಾಡುತ್ತಾ ವಿಡಿಯೋ ಮಾಡುವುದಾದರೆ ಕೊಳ್ಳಿ, ಪಾತ್ರೆಗಳಿಗೆ ಬೇಡ.

ವಾರದಲ್ಲಿ ಹಗಲು ಒಂದು ಗಂಟೆಯೂ ಸಿಗದೆ ಹೋದರೆ ದಾರಿ ಇದೆ. 90ಕ್ಕಿಂತ ಹೆಚ್ಚು ಸಿಆರ್‌ಐ ಇರುವ, 5000ದಿಂದ 5600 ಕೆಲ್ವಿನ್ ಒಳಗಿನ ಒಂದೇ ಒಂದು ಎಲ್‌ಇಡಿ ದೀಪ. ಅದರ ಮುಂದೆ ಬಿಳಿ ಬಟ್ಟೆಯೋ ಬಟರ್ ಪೇಪರೋ ಒಂದು ಚೌಕಟ್ಟಿಗೆ ಕಟ್ಟಿ ಇಳಿಬಿಟ್ಟು, ಕಿಟಕಿ ಇರುತ್ತಿದ್ದ ಜಾಗದಲ್ಲಿ, ಪಕ್ಕಕ್ಕೆ ಇಡಿ. ಬಟ್ಟೆ ದೀಪಕ್ಕೆ ತಾಗದಿರಲಿ. ಬಿಸಿಯಾಗುವ ಹಳೆಯ ಬಲ್ಬುಗಳೊಡನೆ ಈ ಪ್ರಯೋಗ ಮಾಡಲೇಬೇಡಿ, ಕಾಗದ ಹೊತ್ತಿಕೊಂಡೀತು. ಟೆಂಟಿನಂಥ ಲೈಟ್ ಬಾಕ್ಸ್‌ಗಳೂ ಸಿಗುತ್ತವೆ. ಎಲ್ಲ ಕಡೆಯಿಂದ ಸಮ ಬೆಳಕು ಬೀಳುವುದರಿಂದ ಮಾರಾಟದ ಪಟ್ಟಿಗೆ ಹಾಕುವ ಫೋಟೋಗಳು ಒಂದೇ ಹದದಲ್ಲಿ ಬರುತ್ತವೆ. ಆದರೆ ಕೈಕೆಲಸದ ಪಾತ್ರೆ ಅದರೊಳಗೆ ಕಾರ್ಖಾನೆಯ ಪಾತ್ರೆಯಂತೆ ಕಾಣತೊಡಗುತ್ತದೆ. ನನಗೆ ಅದು ಹಿಡಿಸದು.

ಆಕಾರದ ವಿಷಯಕ್ಕೆ ಬರೋಣ. 'ಲೆನ್ಸ್ ಕೆಟ್ಟದ್ದು, ಅದಕ್ಕೇ ಉಬ್ಬುತ್ತದೆ' ಎಂದುಕೊಳ್ಳುವವರು ಬಹಳ. ಉಬ್ಬಿಸುವುದು ಲೆನ್ಸಲ್ಲ, ದೂರ. ನಿಮ್ಮ ಕಪ್ಪಿನ ಬಾಯಿ 8 ಸೆಂಟಿಮೀಟರ್ ಅಗಲ ಇದೆ ಎಂದಿಟ್ಟುಕೊಳ್ಳಿ. ಫೋನನ್ನು ಕಪ್ಪಿನ ನಡುವಿನಿಂದ 20 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಮುಂದಿನ ಅಂಚು 16 ಸೆಂಟಿಮೀಟರ್, ಹಿಂದಿನದು 24 ಸೆಂಟಿಮೀಟರ್ ದೂರ. ಅಂದರೆ ಮುಂದಿನದು ಹಿಂದಿನದಕ್ಕಿಂತ ಒಂದೂವರೆ ಪಟ್ಟು ದೊಡ್ಡದಾಗಿ ಕಾಣಬೇಕು. 60 ಸೆಂಟಿಮೀಟರ್ ದೂರಕ್ಕೆ ಸರಿದರೆ ಆ ಅಂತರ 56 ಮತ್ತು 64. ವ್ಯತ್ಯಾಸ ಏಳರಲ್ಲೊಂದು ಪಾಲು ಮಾತ್ರ. ಮೇಲಿನಿಂದ ಬಗ್ಗಿ ತೆಗೆದಾಗ ಬಾಯಿ ಹತ್ತಿರ, ತಳ ದೂರ ಇರುತ್ತದೆ. ತಳ ಸಣ್ಣದಾಗುವುದು ಇದೇ ಲೆಕ್ಕದಿಂದ. ಆದ್ದರಿಂದ ಹಿಂದೆ ಸರಿಯಿರಿ, ಕ್ಯಾಮೆರಾದಲ್ಲಿ 2ಎಕ್ಸ್ (ಎರಡು ಪಟ್ಟು ಜೂಮ್) ಒತ್ತಿ.

'ಜೂಮ್ ಮಾಡಿದರೆ ಫೋಟೋ ಹಾಳು' ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಅರ್ಧ ನಿಜ. ಟೆಲಿಫೋಟೋ ಲೆನ್ಸ್ ಇಲ್ಲದ ಫೋನಿನಲ್ಲಿ 2ಎಕ್ಸ್ ಎಂದರೆ ನಡುವಿನ ಕಾಲುಭಾಗವನ್ನು ಕತ್ತರಿಸಿಕೊಳ್ಳುವುದು. 12 ಮೆಗಾಪಿಕ್ಸೆಲ್‌ನಲ್ಲಿ ಕಾಲುಭಾಗ 3 ಮೆಗಾಪಿಕ್ಸೆಲ್. ಇನ್‌ಸ್ಟಾಗ್ರಾಮಿಗೆ ಬೇಕಾದದ್ದರ ಎರಡರಷ್ಟು ಇನ್ನೂ ಉಳಿದಿದೆ. ಹಗಲ ಬೆಳಕಿದ್ದರೆ ಧೈರ್ಯವಾಗಿ 2ಎಕ್ಸ್ ಬಳಸಿ, ಅದರಾಚೆ ಹೋಗಬೇಡಿ. ಕಪ್ಪಿನ ಎತ್ತರಕ್ಕೇ ಫೋನನ್ನು ಇಳಿಸಿ, ಒಳಗಿನ ಗ್ಲೇಜ್ ತೋರಿಸಬೇಕೆಂದರೆ ಮಾತ್ರ ತುಸು ಮೇಲೇರಿ. ಸಣ್ಣದೊಂದು ಟ್ರೈಪಾಡ್ ಮತ್ತು ಮೂರು ಸೆಕೆಂಡಿನ ಟೈಮರ್ ಇದ್ದರೆ ಕೈ ನಡುಗುವ ಮಸುಕು ಹೋಗುತ್ತದೆ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಫೋನ್ ಒಂದೇ ಜಾಗದಲ್ಲಿ ನಿಂತಿದ್ದರೆ ಕಪ್ ಮಾತ್ರ ಬದಲಿಸುತ್ತಾ ಹೋಗಬಹುದು. ಮೂವತ್ತು ಪಾತ್ರೆ ಒಂದು ಗಂಟೆಯಲ್ಲಿ ಮುಗಿಯುತ್ತವೆ, ಪುಟವೂ ಒಂದೇ ಹದದಲ್ಲಿ ಕಾಣುತ್ತದೆ. ಪ್ರತಿ ಪಾತ್ರೆಗೆ ಎದುರಿನದು, ಹಿಡಿಯ ಬದಿಯದು, ಒಳಗಿನದು, ತಳದ್ದು, ಕೈಯಲ್ಲಿ ಹಿಡಿದದ್ದು ಇಷ್ಟು ಸಾಕು. ಕೈಯಲ್ಲಿ ಹಿಡಿದದ್ದನ್ನು ಬಿಡಬೇಡಿ. ಫೋಟೋ ನೋಡಿ ಅಳತೆ ತಿಳಿಯದೆ 'ಇಷ್ಟು ಚಿಕ್ಕದೇ?' ಎನ್ನುವವರೂ ಇದ್ದಾರೆ.

ಪೋರ್ಟ್ರೇಟ್ ಮೋಡ್ ಬೇಡ ಎಂದು ಒಂದೇ ಮಾತಲ್ಲಿ ಹೇಳಿಬಿಡುತ್ತೇನೆ. ಯಾವುದು ಹತ್ತಿರ, ಯಾವುದು ದೂರ ಎಂಬ ಊಹೆಯ ಮೇಲೆ ಅದು ಮಸುಕು ಬಳಿಯುತ್ತದೆ. ಕಪ್ಪಿನ ಹಿಡಿಯ ನಡುವಿನ ಖಾಲಿ ಜಾಗ, ತೆಳು ಅಂಚು ಕಂಡರೆ ಗಲಿಬಿಲಿಗೊಂಡು ಅರ್ಧ ಹಿಡಿಯನ್ನೇ ನುಂಗುತ್ತದೆ. ಹಿನ್ನೆಲೆ ಮಸುಕಾಗಬೇಕೆಂದರೆ ಕಪ್ಪಿನಿಂದ ಗೋಡೆಯನ್ನು ದೂರ ಮಾಡಿ.

ಅಪ್‌ಲೋಡ್ ಆದ ಮೇಲಿನ ಮಸುಕು ಬೇರೆಯೇ ರೋಗ. ನನ್ನ ಅನುಮಾನ, ನೀವು ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೋ ಕಳಿಸಿ, ಅವರು ತಿದ್ದಿ ವಾಪಸ್ ಕಳಿಸಿ, ಅದನ್ನೋ ಅದರ ಸ್ಕ್ರೀನ್‌ಶಾಟನ್ನೋ ಹಾಕುತ್ತಿದ್ದೀರಿ. ಪ್ರತಿ ಸಲ ಕಳಿಸಿದಾಗಲೂ ಫೋಟೋ ಹಿಂಡಿ ಚಿಕ್ಕದಾಗುತ್ತದೆ, ಕೊನೆಗೆ ಇನ್‌ಸ್ಟಾಗ್ರಾಮ್ ಮತ್ತೊಮ್ಮೆ ಹಿಂಡುತ್ತದೆ. ಮೂಲ ಫೋಟೋವನ್ನೇ ತೆಗೆದ ಫೋನಿನಿಂದಲೇ ಹಾಕಿ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಹಿಂಡುವುದಿಲ್ಲ. ಎಚ್‌ಡಿ ಆಯ್ಕೆ ಒತ್ತಿದರೂ ಮಾಮೂಲಿಗಿಂತ ವಾಸಿ. ಒಂದು ಎಚ್ಚರಿಕೆ: ಡಾಕ್ಯುಮೆಂಟ್ ಆಗಿ ಹೋದ ಫೋಟೋದಲ್ಲಿ ತೆಗೆದ ಜಾಗದ ವಿವರವೂ ಅಡಗಿ ಹೋಗುತ್ತದೆ. ನೀವು ಮನೆಯಿಂದ ವ್ಯಾಪಾರ ಮಾಡುವವರು, ಗುರುತಿಲ್ಲದ ಗ್ರಾಹಕರಿಗೆ ಹಾಗೆ ಕಳಿಸುವ ಮೊದಲು ಕ್ಯಾಮೆರಾ ಸೆಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿರಿ. ಇನ್‌ಸ್ಟಾಗ್ರಾಮ್ ಸೆಟಿಂಗ್‌ನ ಮೀಡಿಯಾ ಕ್ವಾಲಿಟಿ ವಿಭಾಗದಲ್ಲಿ ಅತ್ಯುತ್ತಮ ಗುಣಮಟ್ಟದಲ್ಲಿ ಅಪ್‌ಲೋಡ್ ಮಾಡುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. 2025ರ ಆರಂಭದಲ್ಲಿ ಪ್ರೊಫೈಲ್ ಪುಟದ ಚೌಕಗಳೆಲ್ಲ ನಿಲುವು ಆಯತಗಳಾದವು. ಆದ್ದರಿಂದ ನಿಲುವಾಗಿ ತೆಗೆಯಿರಿ, ಕಪ್ಪಿನ ಸುತ್ತ ಸಾಕಷ್ಟು ಜಾಗ ಬಿಡಿ. ಹಿಡಿ ಅಂಚಿಗೆ ತಾಗುವಂತೆ ತೆಗೆದರೆ ಎಲ್ಲಾದರೂ ಒಂದು ಕಡೆ ಕತ್ತರಿ ಬೀಳುತ್ತದೆ.

ಎಐ ಹಿನ್ನೆಲೆಯ ಸಲಹೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಹಬ್ಬದ ಶುಭಾಶಯ, ಮಾರಾಟದ ದಿನಾಂಕ ತಿಳಿಸುವ ಪೋಸ್ಟಿಗೆ ಬಳಸಿಕೊಳ್ಳಿ. ಕೊಳ್ಳುವವರು ನೋಡಿ ನಿರ್ಧರಿಸುವ ಫೋಟೋಗೆ ಬಳಸಿದರೆ ಅಪಾಯ ಇದೆ. ಅದು ಹಿನ್ನೆಲೆ ಬದಲಿಸಿ ಸುಮ್ಮನಿರುವುದಿಲ್ಲ, ಹೊಸ ಹಿನ್ನೆಲೆಗೆ ಹೊಂದಲೆಂದು ಕಪ್ಪಿನ ಬಣ್ಣವನ್ನೂ ಮುಟ್ಟಬಹುದು, ಗ್ಲೇಜ್ ಇಳಿದ ಹನಿಯನ್ನು ಕಲೆಯೆಂದು ಒರೆಸಬಹುದು, ಸೊಟ್ಟ ಅಂಚನ್ನು ನೆಟ್ಟಗೆ ಮಾಡಬಹುದು. ನಿಮ್ಮ ಕಪ್ಪಿಗೆ ಬೆಲೆ ಬಂದಿರುವುದೇ ಆ ಹನಿ ಮತ್ತು ಆ ಸೊಟ್ಟದಿಂದ. ಬಣ್ಣ ಬೇರೆ ಎಂದು ಒಂದು ಕಪ್ ವಾಪಸ್ ಬಂದಿರುವಾಗ ಇನ್ನೊಂದು ಊಹೆಗಾರನನ್ನು ನಡುವೆ ಕರೆಯುವುದೇಕೆ? ಇನ್‌ಸ್ಟಾಗ್ರಾಮಿನ ಒಡೆತನದ ಮೆಟಾ ಕಂಪನಿ 2024ರಿಂದ ಎಐ ಬಳಸಿದ ಚಿತ್ರಗಳಿಗೆ ಗುರುತು ಹಚ್ಚುತ್ತಿದೆ. ಕೈಯಿಂದ ಮಾಡಿದ್ದು ಎಂದು ಬರೆದ ಪೋಸ್ಟಿನ ಮೇಲೆ ಆ ಗುರುತು ಬಂದರೆ ಓದುವವರು ಏನೆಂದುಕೊಂಡಾರು? ನನ್ನ ಗಡಿ ಇದು: ಹಿನ್ನೆಲೆಯ ಮೇಲೆ ಕೂತ ಧೂಳು ಅಳಿಸಬಹುದು, ಕಪ್ಪಿನ ಮೇಲಿನದು ಏನನ್ನೂ ಅಳಿಸಬಾರದು. ಬಿರುಕು, ಚುಕ್ಕೆ ಇದ್ದರೆ ಅದಕ್ಕೇ ಒಂದು ಫೋಟೋ.

ವೃತ್ತಿಯ ಫೋಟೋಗ್ರಾಫರ್ ಬೇಕೇ? ನನ್ನ ಹೊಟ್ಟೆಪಾಡಿಗೆ ವಿರುದ್ಧವಾದ ಮಾತಾದರೂ ಹೇಳುತ್ತೇನೆ, ಪ್ರತಿ ಪಾತ್ರೆಗೂ ಬೇಡ. ನಿಮ್ಮ ಒಂದೊಂದು ಪಾತ್ರೆಯೂ ಒಂದೇ ಪ್ರತಿ, ಪ್ರತಿ ಸಲ ಪಾತ್ರೆ ಸುಡುವ ಗೂಡು ತೆರೆದಾಗಲೂ ಹೊಸ ಫೋಟೋ ಬೇಕು. ಅಷ್ಟಕ್ಕೆಲ್ಲ ಹೊರಗಿನವರನ್ನು ಕರೆದರೆ ಗಿಟ್ಟದು. ನೀವು ಚಕ್ರದ ಮುಂದೆ ಕೂತ ಫೋಟೋ, ಪುಟದ ಮುಖ್ಯ ಚಿತ್ರ ಇಂಥ ಐದಾರಕ್ಕೆ ವರ್ಷಕ್ಕೊಮ್ಮೆ ಕರೆಯಿಸಿ. ಅವರು ಬೆಳಕನ್ನು ಎಲ್ಲಿಂದ ಬರಮಾಡಿಕೊಳ್ಳುತ್ತಾರೆಂದು ಪಕ್ಕದಲ್ಲಿ ನಿಂತು ನೋಡಿ, ಅದರಿಂದ ಸಿಗುವ ಪಾಠ ಬಿಟ್ಟಿ.

ತಿದ್ದುವಾಗ ಪರದೆಯನ್ನು ಹಳದಿ ಮಾಡುವ ಫೋನಿನ ರಾತ್ರಿ ಮೋಡ್ ಆಫ್ ಇರಲಿ, ಪರದೆ ಗಾಢ ಬಣ್ಣದ ಬದಲು ಸಹಜ ಬಣ್ಣದ ಮೋಡ್‌ನಲ್ಲಿರಲಿ. ಫಿಲ್ಟರ್ ಹಾಕಬೇಡಿ. ವಾಪಸ್ ಬಂದ ಆ ಕಪ್ ಇನ್ನೂ ನಿಮ್ಮ ಬಳಿ ಇದ್ದರೆ ಮೊದಲ ಪ್ರಯೋಗ ಅದರ ಮೇಲೇ ನಡೆಯಲಿ. ಹಗಲಿನಲ್ಲಿ ಕಿಟಕಿಯ ಪಕ್ಕ ಬಿಳಿ ಹಿನ್ನೆಲೆಯಲ್ಲಿಟ್ಟು, ದೀಪಗಳನ್ನು ಆರಿಸಿ, 2ಎಕ್ಸ್‌ನಲ್ಲಿ ತೆಗೆಯಿರಿ. ತೆಗೆದ ಜಾಗದಲ್ಲೇ ನಿಂತು ಫೋನಿನ ಪರದೆಯನ್ನು ಕಪ್ಪಿನ ಪಕ್ಕಕ್ಕೆ ಹಿಡಿದು ನೋಡಿ. ಹಸಿರು ಇನ್ನೂ ಕಮ್ಮಿ ಎನಿಸಿದರೆ ಎಡಿಟಿಂಗ್‌ನಲ್ಲಿ ಟಿಂಟ್ ಎಂಬ ಪಟ್ಟಿಯನ್ನು ಹಸಿರಿನ ಕಡೆಗೆ ಒಂದೆರಡು ಅಂಕಿ ಸರಿಸಿ, ಎರಡೂ ಹೊಂದುವವರೆಗೆ ಮಾತ್ರ. ಆಮೇಲೆ ಹಳೆಯ ಫೋಟೋ, ಹೊಸ ಫೋಟೋ ಎರಡನ್ನೂ ಅದೇ ಗ್ರಾಹಕರಿಗೆ ಕಳಿಸಿ, 'ನಿಮ್ಮ ಕೈಗೆ ಬಂದ ಕಪ್ ಯಾವುದರಂತಿತ್ತು?' ಎಂದು ಕೇಳಿ.